ಒಬ್ಬನ ಮನೆಯ ನೀರು

ನನ್ನ ಹೆಂಡತಿ ಈರಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಬೇಸಿಗೆಯ ಮಾತಿದು. ಜಹೀರಾಬಾದಿನ ನಮ್ಮ ಓಣಿಯಲ್ಲಿ ದಿನ ಬಿಟ್ಟು ದಿನ ನಳ ಬರುತ್ತದೆ. ಅದರ ಹಿಂದಿನ ವರ್ಷ, ಪಟ್ಟಣದ ಮನೆಗಳಲ್ಲಿ ನೀರು ಹೇಗೆ ಖರ್ಚಾಗುತ್ತದೆಂದು ತಿಳಿಯಲು ಹೈದರಾಬಾದಿನ ಕಾಲೇಜೊಂದರವರು ಕೆಲವು ಮನೆಗಳ ನಳಕ್ಕೆ ಮೀಟರ್ ಕೂಡಿಸಿದ್ದರು. ನಾನು ಬೇಡ ಎಂದಿದ್ದೆ. ಈರಮ್ಮನೇ ಹೂಂ ಎಂದಳು.

ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಅಂಗಳಕ್ಕೆ, ಹೀಗೆ ಒಂದು ತಂಬಿಗೆಯನ್ನೂ ಸುಮ್ಮನೆ ಬಿಡದವಳು ಅವಳು. ಮೀಟರ್ ನೋಡಲು ಬರುತ್ತಿದ್ದ ಸವಿತಾ ನಾರಾಯಣಖೇಡದ ಹುಡುಗಿ. ಓಣಿಯಲ್ಲೇ ಕಮ್ಮಿ ನೀರು ನಿಮ್ಮದು ಎಂದು ಅವಳು ಹೇಳಿದಾಗ, ಎದುರುಮನೆಯ ಕಾಶಮ್ಮನಿಗೆ ಕೇಳಿಸಲೆಂದು ಈರಮ್ಮ ಇನ್ನೊಮ್ಮೆ ಹೇಳಿಸಿದ್ದಳು.

ಆ ಬೇಸಿಗೆಯಲ್ಲಿ ಸವಿತಾ ಬಂದು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಫೋನ್ ನೋಡಿದಳು. ಮನೆಯಲ್ಲಿ ಒಬ್ಬರು ಕಮ್ಮಿಯಾದ ಮೇಲೆ ನೀರು ಎಷ್ಟೋ ಪಟ್ಟು ಏರಿದೆ, ಮೀಟರ್ ಕೆಟ್ಟಿರಬೇಕು, ಈ ಮನೆಯನ್ನು ಪೂರಾ ಲೆಕ್ಕದಿಂದ ತೆಗೆದುಬಿಡು ಎಂದು ಅವಳ ಸರ್ ಹೇಳಿದ್ದರಂತೆ.

ಪೂರಾ ಎಂದರೆ ಈರಮ್ಮ ಇದ್ದ ತಿಂಗಳುಗಳ ಲೆಕ್ಕವೂ ಹೋಗುತ್ತದೆ ಎಂದು ನನಗೆ ತುಸು ತಡವಾಗಿ ಹೊಳೆಯಿತು. ಅವಳ ಸೀರೆಗಳನ್ನು ತಾಂಡೂರಿನ ಅವಳ ಅಕ್ಕ ಒಯ್ದಾಗಿತ್ತು. ಅವಳು ಸಂಸಾರ ಮಾಡಿದ ರೀತಿಗೆ ಬೇರೆ ಗುರುತು ಎಲ್ಲಿದೆ?

"ಮೀಟರ್ ಛಲೋ ಅದವ್ವಾ. ಅಕಿದು ತೆಗೀಬ್ಯಾಡ" ಎಂದೆ.

"ಹಂಗಾದ್ರ ನಿಮ್ಮೊಬ್ಬರಿಗೇ ಇಷ್ಟು ನೀರು ಹ್ಯಾಂಗ ಹತ್ತತದ ಕಾಕಾ?"

ನಾನು ಮಾಡುವುದನ್ನು ಹೇಳಿದೆ. ನಳ ಬರುವ ದಿನ ಕೊಡ, ಹಂಡೆ, ಡ್ರಮ್ಮು, ಎಲ್ಲದರ ನೀರನ್ನೂ ಮೋರಿಗೆ ಚೆಲ್ಲಿ, ತಿಕ್ಕಿ ತೊಳೆದು, ಹೊಸದಾಗಿ ತುಂಬುತ್ತೇನೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾಶಮ್ಮ, ನಾ ಎಮ್ಮಿ ಗಿಮ್ಮಿ ಕಟ್ಟೀರೇನೋ ಅಂದುಕೊಂಡಿದ್ದೆ ಎನ್ನುತ್ತ ದಾಟಿ ಬಂದಳು. ಯಾಕೆ ಚೆಲ್ಲುತ್ತೀರಿ ಎಂದು ಕೇಳಿದಳು.

ಈರಮ್ಮ ಹೋದ ದಿನ ಅವಳ ಅಕ್ಕ, ಮನೆಯಲ್ಲಿ ಹಳೇ ನೀರು ಇಡಬೇಡಿ, ಎಲ್ಲಾ ಚೆಲ್ಲಿ ಎಂದಿದ್ದರು. ವರ್ಷದ ಕಾರ್ಯ ಮುಗಿಯುವ ತನಕ ಹಾಗೇ ಮಾಡಬೇಕೆಂದು ನಾನು ತಿಳಿದಿದ್ದೆ. ಅದನ್ನೇ ಹೇಳಿದೆ. ನಮ್ಮ ಮನೆಯಲ್ಲಿ ನೀರು ಹೆಂಗಸರ ಕೆಲಸ. ನಾನು ಬಸ್ ಡಿಪೋದ ಮೆಕ್ಯಾನಿಕ್, ಬೆಳಗಾದರೆ ಹೊರಟುಬಿಡುತ್ತಿದ್ದವನು. ಅಪ್ಪ ಅವ್ವ ಹೋದಾಗಲೂ ಯಾರು ಏನು ಚೆಲ್ಲಿದರೆಂದು ನೋಡಿರಲಿಲ್ಲ.

ಕಾಶಮ್ಮನ ಮುಖದ ನಗು ಹೋಯಿತು. "ಅದು ಆ ಒಂದು ದಿನದ್ದ್ರೀ ಅಣ್ಣಾ. ಹೆಣ ಎದ್ದ ಮ್ಯಾಲ ಚೆಲ್ಲಾದು, ಆತು. ಇಷ್ಟು ದಿನಾ ಚೆಲ್ಲಕೋತ ಕುಂತೀರೇನ್ರೀ?"

ನನ್ನ ರಟ್ಟೆಗಳು ಅಷ್ಟು ನೋಯುತ್ತಿದ್ದವೆಂದು ಆಗಲೇ ಗೊತ್ತಾದದ್ದು.

ಸವಿತಾ ಎದ್ದಳು. ಮೀಟರ್ ಕೆಟ್ಟಿಲ್ಲ, ಕಾರಣ ಬರೆದು ಸರ್‌ಗೆ ತಾನೇ ಹೇಳುತ್ತೇನೆ, ಮನೆ ಇರಲಿ ಎಂದಳು. ಚಪ್ಪಲಿ ಮೆಟ್ಟುತ್ತ ಮೆಲ್ಲಗೆ, "ಒಬ್ಬರು ಹೋದರ ನೀರು ಕಮ್ಮಿ ಆಗ್ತದ ಅಂತ ನಾವು ತಿಳದಿದ್ವಿ ಕಾಕಾ" ಎಂದಳು.

ಮರುದಿನ ನಳ ಬಂತು. ರೂಢಿಯಂತೆ ತಾಮ್ರದ ಕೊಡ ಎತ್ತಿಕೊಂಡು ಮೋರಿಯ ತನಕ ಹೋದೆ. ಅರ್ಧ ನೀರಿತ್ತು. ಚೆಲ್ಲಲು ಆಗಲಿಲ್ಲ. ಕೆಳಗಿಟ್ಟು, ಒಂದು ಗ್ಲಾಸು ಬಗ್ಗಿಸಿಕೊಂಡು ಅಲ್ಲೇ ಕೂತು ಕುಡಿದೆ. ನೀರು ಚೆನ್ನಾಗಿಯೇ ಇತ್ತು. ಚೆಲ್ಲುತ್ತಿದ್ದಷ್ಟು ದಿನವೂ ನನ್ನ ಮನೆಯಲ್ಲಿ ಅವಳು ಹೋದ ದಿನವೇ ನಡೆದಿತ್ತು ಅನಿಸಿತು. ಅದು ಮುಗಿದದ್ದು ನನಗೆ ಒಳ್ಳೆಯದಾಯಿತೋ ಇಲ್ಲವೋ, ಇವತ್ತಿಗೂ ಹೇಳಲಾರೆ.

ಮೀಟರ್ ಇನ್ನೂ ಇದೆ. ಈಗ ಅಕ್ಕಿ ತೊಳೆದ ನೀರನ್ನು ನಾನೇ ಗಿಡಕ್ಕೆ ಹಾಕುತ್ತೇನೆ. ಸವಿತಾ ಬಂದಾಗಲೆಲ್ಲ ಈಗ ಎಷ್ಟಾಯಿತು ಎಂದು ಕೇಳುತ್ತೇನೆ. ಆಗ ಇಬ್ಬರಿಗೆ ಈರಮ್ಮ ಬಳಸುತ್ತಿದ್ದಷ್ಟು ಕಮ್ಮಿಗೆ, ಒಬ್ಬನೇ ಇದ್ದೂ ನಾನಿನ್ನೂ ಇಳಿದಿಲ್ಲ.