ಅಜ್ಜನ ಪರಿಚಯ

ನಮ್ಮ ಹುಬ್ಬಳ್ಳಿ ಕಡೆ ಒಬ್ಬನನ್ನು ಪರಿಚಯಿಸುವುದೆಂದರೆ ಅವನ ಅಜ್ಜನಿಂದಲೇ ಶುರು. ಇಂಥವರ ಮೊಮ್ಮಗ ಎಂದು ಹೇಳಿಬಿಟ್ಟರೆ ಹುಡುಗನಿಗೆ ಕೂರಲು ಮಣೆ ಹಾಕಿದಂತೆ. ಈ ಚಟವನ್ನು ನಾನು ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಜೊತೆಗೆ ಜರ್ಮನಿಗೂ ತಂದಿದ್ದೆ.

ಮ್ಯಾನ್‌ಹೈಮಿನ ನಮ್ಮ ಮನೆಯಲ್ಲಿ ಕೆಳಗೆ ಮಾಲಕಿ ಅಜ್ಜಿ, ನಡುವೆ ನಾನು ಮತ್ತು ನನ್ನ ಹೆಂಡತಿ, ಮೇಲೆ ಆಸ್ಟ್ರೇಲಿಯಾದ ನನ್ನ ಸಹೋದ್ಯೋಗಿ. ವಾಲ್‌ಡಾರ್ಫಿನ ಆಫೀಸಿಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಅಜ್ಜಿಗೆ ಅವನೆಂದರೆ ಜೀವ. ಎಲ್ಲಿಗೆ ಹೊರಟರೂ ಅವನ ತೋಳು ಹಿಡಿದೇ ಹೊರಡುತ್ತಿದ್ದರು. ಅವನಿಗೆ ಜರ್ಮನ್ ಬಾರದು, ಅವರಿಗೆ ಇಂಗ್ಲಿಷ್ ಬಾರದು, ನಡುವೆ ನಾನು. ಅಷ್ಟು ಮಾತು ದಾಟಿಸಿಕೊಟ್ಟರೂ ನನ್ನ ತೋಳನ್ನು ಒಂದು ದಿನವೂ ಹಿಡಿಯಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಅವನ ಅಜ್ಜ ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬಾಂಬರ್ ವಿಮಾನದಲ್ಲಿದ್ದರು, ಪದಕವೂ ಬಂದಿತ್ತು ಎಂದು ಕಾರಿನಲ್ಲಿ ಒಮ್ಮೆ ಹೇಳಿದ್ದ. "ಇಲ್ಲಿ ಯಾರಿಗೂ ಹೇಳಿಲ್ಲ" ಎಂದೂ ಸೇರಿಸಿದ್ದ. ಅಜ್ಜಿಯ ಗೋಡೆಯ ಮೇಲೆ ಅವರ ಪುಟ್ಟ ತಮ್ಮನ ಫೋಟೋ ಇತ್ತು. ಬಾಂಬು ಬಿದ್ದ ರಾತ್ರಿ ನೆಲಮಾಳಿಗೆಯಲ್ಲಿ ತೀರಿಕೊಂಡವನು. ಎರಡೂ ಸಂಗತಿ ನನಗೆ ಗೊತ್ತಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವಷ್ಟು ಬುದ್ಧಿ ಮಾತ್ರ ಇರಲಿಲ್ಲ.

ಆ ಬೇಸಿಗೆಯಲ್ಲಿ ಪಕ್ಕದ ಬೀದಿಯಲ್ಲಿ ಪಾಯ ತೋಡುವಾಗ ಯುದ್ಧಕಾಲದ, ಸಿಡಿಯದೆ ಉಳಿದ ಬಾಂಬೊಂದು ಸಿಕ್ಕಿತು. ಅದನ್ನು ತೆಗೆಯುವ ಭಾನುವಾರ ನಮ್ಮನ್ನೆಲ್ಲ ಶಾಲೆಯೊಂದರ ಜಿಮ್ ಹಾಲಿಗೆ ಕಳಿಸಿದರು. ಪುಕ್ಕಟೆ ಕಾಫಿ, ಉದ್ದನೆಯ ಬೆಂಚು, ಮಾಡಲು ಕೆಲಸವಿಲ್ಲ. ಎದುರು ಕೂತ ಮುದುಕರೊಬ್ಬರು ನನ್ನ ಗೆಳೆಯನತ್ತ ನೋಡಿ, ಆಸ್ಟ್ರೇಲಿಯಾದವರು ಇಷ್ಟು ದೂರ ಯಾಕೆ ಬಂದರು ಎಂದು ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಇವನ ಅಜ್ಜ ಇವನಿಗಿಂತ ಮೊದಲೇ ಬಂದಿದ್ದರು, ವಿಮಾನದಲ್ಲಿ," ಎಂದೆ. "ಯುದ್ಧದಲ್ಲಿ ಪದಕ ಪಡೆದವರು."

ಹೇಳಿ ನಗುತ್ತಲೂ ಇದ್ದೆ. ಬೆಂಚಿನ ಮೇಲೆ ಯಾರೂ ನಗಲಿಲ್ಲ. ಹೆಂಡತಿ ಕನ್ನಡದಲ್ಲಿ ಮೆಲ್ಲಗೆ, "ನಿಮ್ಮ ಬಾಯಿಗೊಂದು ಕೀಲಿ ಹಾಕಬೇಕ ನೋಡ್ರಿ" ಎಂದಳು.

ಅಜ್ಜಿ ಕಪ್ಪು ಕೆಳಗಿಟ್ಟು, "ಅವರ ಕೆಲಸ ಏನಿತ್ತು, ಕೇಳಿ" ಎಂದರು.

ಪ್ರಶ್ನೆಯನ್ನು ಇಂಗ್ಲಿಷಿಗೆ ದಾಟಿಸಿದೊಡನೆ ನಾನೇನು ಬಾಯಿಬಿಟ್ಟೆನೆಂದು ಗೆಳೆಯನಿಗೆ ತಿಳಿಯಿತು. ನನ್ನ ಮುಖ ನೋಡದೆ ಹೇಳತೊಡಗಿದ. ನಾನು ತಲೆ ತಗ್ಗಿಸಿ ಒಂದೊಂದೇ ವಾಕ್ಯ ದಾಟಿಸಿದೆ. ಗೋಧಿ ಬೆಳೆಯುವ ಸಣ್ಣ ಊರು. ಅಜ್ಜ ಬೇಕರಿಯಲ್ಲಿ ಹಿಟ್ಟು ನಾದುವ ಹುಡುಗ. ಸಮುದ್ರ ನೋಡುವ ಆಸೆಗೆ ಸೇನೆ ಸೇರಿ, ಹಡಗಿನಲ್ಲಿ ಇಂಗ್ಲೆಂಡಿಗೆ ಬಂದರು. ವಿಮಾನದಲ್ಲಿ ಪರದೆಯ ಹಿಂದೆ, ಸಣ್ಣ ದೀಪದ ಕೆಳಗೆ ನಕ್ಷೆ ಹರಡಿಕೊಂಡು ದಾರಿ ಹೇಳುವ ಕೆಲಸ. ಒಮ್ಮೆ ಮಾತ್ರ ಪರದೆ ಸರಿಸಿ ಕೆಳಗೆ ನೋಡಿದರಂತೆ. ಮತ್ತೆಂದೂ ನೋಡಲಿಲ್ಲ. ಊರಿಗೆ ಮರಳಿ ಸಾಯುವವರೆಗೂ ಅದೇ ಬೇಕರಿ. ಒಲೆಯ ಬಾಗಿಲು ತೆರೆಯುವುದನ್ನು ಮಾತ್ರ ಬೇರೆಯವರಿಗೆ ಬಿಡುತ್ತಿದ್ದರಂತೆ. ಪದಕವನ್ನು ಎಂದೂ ಹಾಕಿಕೊಳ್ಳಲಿಲ್ಲ.

"ಮ್ಯಾನ್‌ಹೈಮಿಗೂ ಬಂದಿದ್ದರೇ?" ಎಂದು ಅಜ್ಜಿ ಕೇಳಿದರು.

ಆ ಪ್ರಶ್ನೆಯನ್ನು ನುಂಗಿಬಿಡೋಣ ಎನಿಸಿತು. ಆದರೆ ಊರಿನ ಹೆಸರು ಅವನ ಕಿವಿಗೂ ಬಿದ್ದಿತ್ತು. "ಯೆಸ್," ಎಂದ. ಅದಕ್ಕೆ ನಾನು ಬೇಕಾಗಲಿಲ್ಲ.

ಮಧ್ಯಾಹ್ನ ಬಾಂಬು ತೆಗೆದಾಯಿತು, ಮನೆಗೆ ಹೋಗಬಹುದು ಎಂದು ಘೋಷಿಸಿದರು. ಬಾಗಿಲ ಬಳಿ ಗೆಳೆಯ ಎಂದಿನಂತೆ ತೋಳು ಚಾಚಿದ. ಅಜ್ಜಿ ಅದನ್ನು ಒಂದು ಕ್ಷಣ ನೋಡಿ, ಈಚೆ ಬಂದು ನನ್ನ ತೋಳು ಹಿಡಿದರು.

ಎಷ್ಟು ಹಗುರದ ಕೈ ಅದು. ಬಯಸಿದ್ದೇ ಸಿಕ್ಕಿತ್ತು, ನನಗೆ ನಾಚಿಕೆಯಾಯಿತು. ಅವನು ಅವರ ಚೀಲ ಹೊತ್ತು ನನ್ನ ಹೆಂಡತಿಯೊಂದಿಗೆ ಹಿಂದೆ ಬರುತ್ತಿದ್ದ. ಮನೆ ತಲುಪುವವರೆಗೂ ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ. ಮೆಟ್ಟಿಲ ಹತ್ತಿರ ಅಜ್ಜಿ ತೋಳು ಬಿಟ್ಟು, ನನಗೆ "ಡಾಂಕೆ" ಎಂದು ಧನ್ಯವಾದ ಹೇಳಿದರು.