ಆರು ಗಂಟೆಗೆ ಸುಮ್ಮನಾದದ್ದು

ಲಷ್ಕರ್ ಮೊಹಲ್ಲಾದ ನಮ್ಮ ಬೀದಿಗೆಲ್ಲ ಒಂದೇ ರೇಡಿಯೋ ಇದ್ದ ಕಾಲ ಅದು. ಮೂಲೆಯ ಕಾಫಿ ಹೋಟೆಲಿನಲ್ಲಿ, ವಿಭೂತಿ ಹಚ್ಚಿದ ಯಜಮಾನರ ಪಕ್ಕ ಅದೂ ಯಜಮಾನನಂತೆ ಕೂತಿರುತ್ತಿತ್ತು. ನನಗಾಗ ಹನ್ನೊಂದು ವರ್ಷ. ರೇಡಿಯೋದವರ ಮಕ್ಕಳ ಚರ್ಚೆಗೆ ಹೋಗಬೇಕಿದ್ದ ಹುಡುಗಿಗೆ ಮಂಗನಬಾವು ಬಂದು, ಟೀಚರ್ ನನ್ನನ್ನು ಹಿಡಿದರು.

“ಅದು ನೇರ ಪ್ರಸಾರ ಕಣೇ. ಮೈಕಿನ ಮುಂದೆ ಬಾಯಿ ಕಟ್ಕೊಂಡ್ರೆ ಮುಗೀತು, ನಮ್ಮ ಸ್ಕೂಲಿನವರನ್ನ ಇನ್ನು ಕರೆಯಲ್ಲ.”

ಅಂದಿನಿಂದ ನನಗೆ ಊಟ ಸೇರಲಿಲ್ಲ. ಚರ್ಚೆಯ ದಿನ ಅಮ್ಮ ಬಾಯಿಗೆ ಕಲ್ಲುಸಕ್ಕರೆ ಹಾಕಿ, ಜಪಸರ ಮುಟ್ಟಿಸಿ ಕಳಿಸಿದಳು.

ರೇಡಿಯೋ ಸ್ಟೇಷನ್ನಿನ ಒಳಗೆ ಗೋಡೆಗೂ ಮೆತ್ತೆ. ಹೊರಗಿನ ಜಟಕಾ ಸದ್ದೂ ಇಲ್ಲ. ಹೊಸ ಚಾಪೆಯ ವಾಸನೆ, ನನ್ನ ಎದೆಬಡಿತ, ಅಷ್ಟೇ. ಕೆಂಪು ದೀಪ ಹತ್ತಿತು. ರಜದಲ್ಲೂ ಪಾಠ ಬೇಕೇ ಎಂಬುದು ವಿಷಯ. ಮೊದಲ ಸರದಿ ಹೇಗೋ ದಾಟಿದೆ. ಚರ್ಚೆ ನಡೆಸುತ್ತಿದ್ದ ಅಕ್ಕ ಮತ್ತೆ ನನ್ನ ಕಡೆ ತಿರುಗಿ, ರಜದಲ್ಲಿ ನೀನೇನು ಮಾಡ್ತೀಯಮ್ಮ ಎಂದು ಕೇಳಿದರು. ಗಡಿಯಾರ ನೋಡಿದೆ. ಸರಿಯಾಗಿ ಆರು.

ಸಂಜೆ ಆರಕ್ಕೆ ಚರ್ಚಿನ ಗಂಟೆ ಹೊಡೆದರೆ ನಮ್ಮ ಮನೆಯಲ್ಲಿ ಎಲ್ಲ ನಿಲ್ಲುತ್ತಿತ್ತು. ಅಮ್ಮ ಒಗ್ಗರಣೆ ಸೀದರೂ ಬಿಟ್ಟು ಕಣ್ಣು ಮುಚ್ಚುವಳು. ಇಲ್ಲಿ ಗಂಟೆ ಕೇಳಿಸದಿದ್ದರೂ ನನ್ನ ಕೈ ತಾನೇ ಹಣೆಗೆ ಹೋಯಿತು. ಶಿಲುಬೆ ಗುರುತು ಹಾಕಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಪ್ರಾರ್ಥನೆ ಶುರು ಮಾಡಿಬಿಟ್ಟೆ. ಅರ್ಧಕ್ಕೆ ಎಲ್ಲಿದ್ದೇನೆಂದು ನೆನಪಾಗಿ ಕಣ್ಣು ಬಿಟ್ಟರೆ, ಗಾಜಿನಾಚೆ ಒಬ್ಬರು ಎರಡೂ ಕೈ ಆಡಿಸುತ್ತಿದ್ದಾರೆ. ನನ್ನ ನಾಲಿಗೆ ಏಳಲಿಲ್ಲ. ಅಕ್ಕ ನನ್ನ ಕೈ ಮೇಲೆ ಕೈಯಿಟ್ಟರು. “ಇವಳು ಯೋಚನೆ ಮಾಡ್ಲಿ, ಅಲ್ಲೀವರೆಗೆ ನೀನು ಹೇಳಪ್ಪ” ಎಂದು ಪಕ್ಕದ ಹುಡುಗನನ್ನು ಮಾತಿಗೆಳೆದರು. ಆಮೇಲೆ ನಾನೇನು ಹೇಳಿದೆನೋ ದೇವರಿಗೇ ಗೊತ್ತು.

ವಾಪಸು ಬರುವಾಗ ಟೀಚರ್ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದರು. ಬೀದಿಯವರ ಮುಂದೆಲ್ಲ ಅಪ್ಪನ ಮಾನ ಕಳೆದೆನೆಂದು ತಲೆ ತಗ್ಗಿಸಿ ಬಂದೆ. ಹೋಟೆಲಿನ ಬಾಗಿಲಲ್ಲೇ ಅಪ್ಪ ನಿಂತಿದ್ದ.

“ಅಪ್ಪಾ, ಮಧ್ಯದಲ್ಲಿ ಸುಮ್ಮನಾಗ್ಬುಟ್ಟೆ.”

“ಯಾವಾಗ?”

“ಆರು ಗಂಟೆಗೆ.”

ಅಪ್ಪ ಯಜಮಾನರ ಮುಖ ನೋಡಿದ. “ಆಗ ಚರ್ಚಿನ ಗಂಟೆ ಹೊಡೀತಲ್ಲಮ್ಮ. ನಾನು ಎದ್ದು ನಿಂತೆ, ಇವ್ರು ದಿನದಂಗೇ ರೇಡಿಯೋ ಸಣ್ಣಕ್ಕೆ ಮಾಡಿದ್ರು. ನೀ ಸುಮ್ಮನಿದ್ದಿದ್ದು ಇಲ್ಲಿ ಯಾರಿಗೂ ಗೊತ್ತಿಲ್ಲ ಕಣಮ್ಮ.”

ಯಜಮಾನರು ಒಂದು ಲೋಟ ಬಿಸಿ ಹಾಲು ಕೊಟ್ಟರು. ಮರುವರ್ಷವೂ ಶಾಲೆಗೆ ಕರೆ ಬಂತು. ದೇವರು ದೊಡ್ಡವನು, ನನ್ನನ್ನು ಕಳಿಸಲಿಲ್ಲ.

ಗಂಟೆ ಈಗಲೂ ಆರಕ್ಕೆ ಹೊಡೆಯುತ್ತದೆ. ಸೌಟು ಇಳಿಸಿ ನಾನೊಬ್ಬಳೇ ನಿಲ್ಲುತ್ತೇನೆ. ನಡುಮನೆಯಲ್ಲಿ ಟಿವಿ ಮಾತಾಡುತ್ತಲೇ ಇರುತ್ತದೆ. ಕೇಳುವ ಕಿವಿ ಉಳಿಸಿದ್ದಾನೆ ದೇವರು, ಅದೇ ಪುಣ್ಯ. ಆದರೆ ಸದ್ದು ಸಣ್ಣಕ್ಕೆ ಮಾಡುವ ಕೈ ಎಲ್ಲೂ ಕಾಣೆ.