ಎದುರು ಬೆಂಚಿನಿಂದ ಬಂದ ಕನ್ನಡ

ಮೊದಲ ದಿನ ಚೆಂಡು ನೆಲಕ್ಕೆ ಬಡಿದರೂ ನನಗೆ ಸದ್ದೇ ಕೇಳಿಸಲಿಲ್ಲ. ಮಲೇಷ್ಯಾದ ಪೆಟಾಲಿಂಗ್ ಜಯಾ ಊರಿನ ನಮ್ಮ ಕ್ಲಬ್ಬಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಗೋಡೆಯಿಲ್ಲ, ಮೇಲೆ ತಗಡಿನ ಚಾವಣಿ ಮಾತ್ರ. ಮಧ್ಯಾಹ್ನದ ಮಳೆ ನಾಲ್ಕೂ ಕಡೆ ಬಿಳಿ ಪರದೆಯ ಹಾಗೆ ಇಳಿದಿತ್ತು. ಅದರ ನಡುವೆ ಹತ್ತು ಹುಡುಗಿಯರು ಒಂದು ಹನಿಯೂ ತಾಗದೆ ಓಡುತ್ತಿದ್ದರು. ಮೈಸೂರಿನ ನಮ್ಮ ಕಾಲೇಜಿನಲ್ಲಾದರೆ ನಾಲ್ಕು ಹನಿ ಬಿದ್ದರೆ ಆಟ ಬಂದ್, ಎಲ್ಲರೂ ಕ್ಯಾಂಟೀನಿನಲ್ಲಿ ಹಾಜರ್. ಕನಸೋ ನನಸೋ ಎಂದು ನಾನು ನೋಡುತ್ತಾ ನಿಂತಿರುವಾಗ ಯಾರೋ ಎಸೆದ ಚೆಂಡು ಸೀದಾ ಮೂಗಿಗೆ ಬಂತು.

ಕಾಲೇಜಿನಲ್ಲಿ ನಾನು ದೊಡ್ಡ ಸ್ಟಾರು. ಪೇಪರಿನಲ್ಲಿ ಫೋಟೋ ಬಂದಮೇಲೆ ಇಸ್ತ್ರಿ ಅಂಗಡಿಯವನೂ "ಬ್ಯಾಸ್ಕೆಟ್‌ಬಾಲ್ ಶಶಿ" ಎಂದೇ ಕರೆಯುತ್ತಿದ್ದ. ಇದಕ್ಕೆಲ್ಲ ಕಾರಣ ನಮ್ಮ ಕೋಚ್ ನಂಜುಂಡ ಸರ್. ಚಡ್ಡಿ ಹಾಕಿಕೊಂಡು ಆಡುವುದು ಬೇಡವೆಂದು ಅಪ್ಪ ಹಟ ಹಿಡಿದಾಗ, ಮನೆಗೇ ಬಂದು ಎರಡು ಲೋಟ ಕಾಫಿ ಕುಡಿದು ಒಪ್ಪಿಸಿದವರು ಅವರು. ಆಮೇಲೆ ಇಲ್ಲಿನ ಕ್ಲಬ್ಬು ಸಂಬಳ ಕೊಟ್ಟು ಆಡಲು ಕರೆಯಿತು. ಎರಡು ಸೀಸನ್ ಆಡಿದೆ, ಮೂರನೆಯದರಲ್ಲಿ ಮಂಡಿ ಕೈಕೊಟ್ಟಿತು. ಕ್ಲಬ್ಬಿನವರು ಕೊರಳಿಗೆ ಸೀಟಿ ಕಟ್ಟಿ ನನ್ನನ್ನೇ ಕೋಚ್ ಮಾಡಿದರು.

ನನ್ನ ಮನೆ ಪುಚೊಂಗ್‌ನಲ್ಲಿ, ಹದಿನಾಲ್ಕನೇ ಮಹಡಿ. ಬೆಳಿಗ್ಗೆ ಎದ್ದರೆ ಮೋಡ ಕಿಟಕಿಯ ಮಟ್ಟದಲ್ಲೇ ತೇಲುತ್ತಿರುತ್ತದೆ, ಮನೆಯೇ ಎತ್ತಲೋ ಹೊರಟ ಹಾಗೆ ಅನ್ನಿಸುತ್ತದೆ. ಭಾನುವಾರವಿಡೀ ಯಾರೊಂದಿಗೂ ಒಂದು ಮಾತೂ ಆಡದೆ ಕಳೆದು ಅತ್ತದ್ದೂ ಇದೆ, ಸುಳ್ಳೇಕೆ ಹೇಳಲಿ. ಕೆಳಗಡೆ ತಮಿಳು ಮುಸ್ಲಿಮರ ಹೋಟೆಲ್ ಒಂದಿದೆ, ಅದಕ್ಕೆ ಇಲ್ಲಿ ಮಾಮಕ್ ಅನ್ನುತ್ತಾರೆ. ಅದರ ಯಜಮಾನರು ಒಂದು ದಿನ "ಸುದಾ ಮಾಕನ್?" ಅಂದರು. ಊಟ ಆಯ್ತಾ ಅಂತ. ಮೈಸೂರಿನಲ್ಲಿ "ಹ್ಞೂಂ" ಅಂದು ಮುಂದೆ ಹೋಗುತ್ತಿದ್ದವಳು, ಇಲ್ಲಿ ನಿಂತು ಏನೇನು ತಿಂದೆ ಎಂದು ಪೂರ್ತಿ ವರದಿ ಒಪ್ಪಿಸಿದೆ.

ನನ್ನ ತಂಡದ ಹುಡುಗಿಯರು ಮಾತ್ರ ಹತ್ತಿರ ಬರಲಿಲ್ಲ. ತಪ್ಪು ನನ್ನದೇ. ನಂಜುಂಡ ಸರ್ ನಮಗೆ ತೋರುಬೆರಳು ಚಾಚಿ ಬೈದೇ ಆಟ ಕಲಿಸಿದ್ದು, ನಾನೂ ಹಾಗೇ ಮಾಡಿದೆ. ಇಲ್ಲಿ ಮನುಷ್ಯರತ್ತ ಬೆರಳು ತೋರಿಸುವುದು ಅವಮಾನವಂತೆ, ಬೆರಳು ಮಡಚಿ ಹೆಬ್ಬೆರಳಿನಿಂದ ತೋರಿಸಬೇಕು. ಕಲಿತುಕೊಂಡೆ. ಆದರೂ ಅವರಿಗೆ ನಾನು ಹೊರಗಿನವಳೇ. ಒಂದು ಸಲವಾದರೂ ಇವರು ನನ್ನನ್ನು ತಮ್ಮವಳು ಅನ್ನಲಿ ಎಂದು ಜೀವ ಹಾತೊರೆಯುತ್ತಿತ್ತು.

ಈ ವರ್ಷ ನಮ್ಮ ಟೂರ್ನಮೆಂಟಿಗೆ ಹೊರದೇಶದ ಕಾಲೇಜುಗಳನ್ನೂ ಕರೆದಿದ್ದರು. ಫೈನಲ್‌ಗೆ ನಮ್ಮೆದುರು ಬಂದದ್ದು ನನ್ನದೇ ಕಾಲೇಜು, ಜೊತೆಗೆ ನಂಜುಂಡ ಸರ್.

"ಏನಮ್ಮ ಶಶಿ, ಹೀಗೆ ಸೊರಗಿದೀಯ? ಇಲ್ಲಿ ಅನ್ನ ಹಾಕಲ್ವಾ ನಿಂಗೆ?" ಎನ್ನುತ್ತ ಚಟ್ನಿಪುಡಿಯ ಪೊಟ್ಟಣ ಕೈಗಿಟ್ಟರು. ಅಲ್ಲೇ ನಿಂತು ಪೊಟ್ಟಣ ಮೂಸಿ ನೋಡಿದೆ.

ಕೊನೆಯ ನಿಮಿಷ. ಎರಡೂ ಕಡೆ ಸಮ ಅಂಕ, ಚೆಂಡು ಅವರ ಕೈಯಲ್ಲಿ. ಸರ್ ಟೈಮ್‌ಔಟ್ ಕೇಳಿದರು. ಮಳೆಯ ಸದ್ದಿಗೆ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದರು: "ಬಾಲ್ ರಂಜಿತಾಗೆ ಕೊಡ್ರೇ. ಎಡಗಡೆಯಿಂದ ನುಗ್ಗಲಿ. ಅಲ್ಲಿ ಕಾಯ್ತಿರೋ ಅವರ ಉದ್ದದ ಹುಡುಗಿಗೆ ಸುಸ್ತಾಗಿದೆ, ತಿರುಗಕ್ಕಾಗಲ್ಲ." ನಡುವೆ ಒಮ್ಮೆ ನನ್ನತ್ತ ನೋಡಿ ನಕ್ಕರು. ನಾನು ಎದುರಾಳಿ ಅನ್ನುವುದು ಅವರಿಗೆ ಹೊಳೆದೇ ಇರಲಿಲ್ಲ. ಮನೆಮಗಳ ಮುಂದೆ ಎಂಥ ಮುಚ್ಚುಮರೆ.

"ಕೋಚ್, ಆ ಅಂಕಲ್ ಏನಂದ್ರು? ನಿಮಗೆ ಗೊತ್ತು ಲಾ," ಎಂದು ನಮ್ಮ ಕ್ಯಾಪ್ಟನ್ ಹುಯಿ ಮಿನ್ ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲಿಯವರ 'ಲಾ' ನಮ್ಮ 'ಕಣೇ' ಇದ್ದ ಹಾಗೆ. ಅವಳು ನನಗೆ ಲಾ ಅಂದದ್ದು ಅದೇ ಮೊದಲು. ಹತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು.

ಹೇಳಿಬಿಟ್ಟೆ. ಒಂದು ಪದವನ್ನೂ ಬಿಡಲಿಲ್ಲ.

ಸುಸ್ತಾದ ಹುಡುಗಿಯನ್ನು ಕೂರಿಸಿದೆ. ಎಡಗಡೆ ಹುಯಿ ಮಿನ್ ಕಾದು ನಿಂತಳು, ರಂಜಿತಾಳ ಕೈಯಿಂದ ಚೆಂಡು ಕಸಿದು ಓಡಿ ಬುಟ್ಟಿಗೆ ಹಾಕಿದಳು. ಗೆದ್ದೆವು. ಹುಡುಗಿಯರು ಬಂದು ನನ್ನ ಮೈಮೇಲೇ ಬಿದ್ದರು. "ನಮ್ಮ ಕೋಚ್, ನಮ್ಮ ಕೋಚ್" ಎಂದು ಅಳುತ್ತಿದ್ದರು, ನಾನೂ ಅತ್ತೆ.

ಬಿಡಿಸಿಕೊಂಡು ಸರ್ ಹತ್ತಿರ ಹೋದೆ. ಅವರಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು, ಮುಖವೇ ಹೇಳುತ್ತಿತ್ತು. ಕಾಲಿಗೆ ಬೀಳಲು ಬಗ್ಗಿದೆ. ಅವರು ತಡೆದು, ಕೈಕುಲುಕಲು ಕೈ ಚಾಚಿದರು.

"ಕಂಗ್ರಾಚುಲೇಷನ್ಸ್, ಕೋಚ್," ಅಂದರು. "ವೆಲ್ ಪ್ಲೇಡ್."

ಇಷ್ಟು ವರ್ಷದಲ್ಲಿ ಸರ್ ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ್ದು ಅದೇ ಮೊದಲು. ಹಿಂದಿನಿಂದ ಹುಡುಗಿಯರು ಫೋಟೋಗೆ ಬನ್ನಿ ಎಂದು ಕೂಗುತ್ತಿದ್ದರು. ನಾನು ಸರ್ ಕೈ ಬಿಡದೆ ನಿಂತೇ ಇದ್ದೆ.